ಕಿಡ್ನಿ ಕಸಿ ಆಗಿರೋ ಮಾವನ ಕಾಲು ಕೆಂಪಾಗಿ ಊದಿದೆ, ಜ್ವರ ಮಾತ್ರ ಇಲ್ಲ. ಸೋಮವಾರದವರೆಗೆ ಕಾಯಬಹುದಾ?

ಹನುಮಂತನಗರದವಳು (ಶುಕ್ರವಾರ, ಮಧ್ಯಾಹ್ನ)

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ. ನಮ್ಮ ಸೋದರಮಾವಂಗೆ 54 ವರ್ಷ, ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ವರ್ಷ ದಾಟಿದೆ, ಕಿಡ್ನಿ ಕೊಟ್ಟಿದ್ದು ನಮ್ಮಮ್ಮ. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್ ಮೂರೂ ನಡೀತಿದೆ, ಆಪರೇಷನ್ ಆದ್ಮೇಲೆ ಶುಗರ್ ಬೇರೆ ಶುರುವಾಗಿದೆ. ಎಸ್‌ಪಿ ರೋಡಲ್ಲಿ ಒಂದು ಅಂಗಡೀಲಿ ಲೆಕ್ಕ ಬರೀತಾರೆ. ಈಚೆಗೆ ಜೋರು ಮಳೆ ಬಂತಲ್ಲ, ಆವತ್ತು ಬಸ್ಸು ಸಿಗದೆ ಟೌನ್‌ಹಾಲ್ ತನಕ ಚರಂಡಿ ನೀರಲ್ಲೇ ನಡ್ಕೊಂಡು ಬಂದಿದಾರೆ. ಬಲಗಾಲಿನ ಕಿರುಬೆರಳ ಸಂದಿ ಮೊದಲಿಂದಾನೂ ಬೆಳ್ಳಗೆ ಕೊಳೆತ ಹಾಗಿರತ್ತೆ, ಕೆರೀತಾನೇ ಇರ್ತಾರೆ.

ನಿನ್ನೆ ಬೆಳಗ್ಗೆ ಪಾದದ ಮೇಲೆ ಕೆಂಪಗಿತ್ತು, ಇವತ್ತು ನೋಡಿದ್ರೆ ಮೀನಖಂಡದ ಅರ್ಧಕ್ಕೆ ಬಂದಿದೆ, ಮುಟ್ಟಿದ್ರೆ ಬಿಸಿ, ಊದಿಕೊಂಡು ಚರ್ಮ ಮಿರಮಿರ ಅಂತಿದೆ, ಒಂದು ಕಡೆ ಸಣ್ಣ ನೀರುಗುಳ್ಳೆ ಎದ್ದಿದೆ. ಕೀವು ಇಲ್ಲ. ಜ್ವರ ನೋಡಿದ್ರೆ 99 ಅಷ್ಟೇ. ನೋವು ಕೇಳಿದ್ರೆ ಅಂಥದ್ದೇನಿಲ್ಲ ಅಂತಾರೆ. ಬೀದಿ ಕೊನೆ ಕ್ಲಿನಿಕ್ಕಲ್ಲಿ ತೋರಿಸಿದ್ವಿ, ಅಮಾಕ್ಸಿಸಿಲಿನ್ 500 ಮತ್ತೆ ಡೈಕ್ಲೋಫೆನಾಕ್ ಬರ್ಕೊಟ್ರು, ಮೆಡಿಕಲ್ ಶಾಪಿನವರು ಹಚ್ಚೋಕೆ ಅಂತ ಅವರಾಗೇ ಒಂದು ಟ್ಯೂಬ್ ಸೇರಿಸಿ ಕೊಟ್ಟಿದಾರೆ. ಇನ್ನೂ ಯಾವುದೂ ಶುರು ಮಾಡಿಲ್ಲ.

ಮಾವ ಹೇಳೋದು ಜ್ವರಾನೇ ಇಲ್ವಲ್ಲೇ, ಸೋಮವಾರ ಹೇಗೂ ಕಿಡ್ನಿ ಡಾಕ್ಟರ ಹತ್ರ ಚೆಕಪ್ ಇದೆ, ಆಗಲೇ ತೋರಿಸೋಣ ಅಂತ. ಆಸ್ಪತ್ರೆ ಅಂದ್ರೆ ಅವರಿಗೆ ಸಾಕಾಗಿ ಹೋಗಿದೆ, ಅದೂ ಅರ್ಥ ಆಗತ್ತೆ. ಅಮ್ಮ ಮಾತ್ರ ಬೆಳಗ್ಗೆಯಿಂದ ಊಟ ಮಾಡಿಲ್ಲ. ಕಾಯಬಹುದಾ? ಗೊತ್ತಿರೋರು ಹೇಳಿ ಪ್ಲೀಸ್.

ರಾತ್ರಿಪಾಳಿ ಸಿಸ್ಟರ್

ಕಾಯಬೇಡಿ. ಇವತ್ತೇ ಹೋಗಿ, ಓಪಿಡಿಗೆ ಟೋಕನ್ ತಗೊಂಡು ಕೂರಬೇಡಿ, ಎಮರ್ಜೆನ್ಸಿಗೇ ಹೋಗಿ, ಸಾಧ್ಯ ಆದ್ರೆ ಟ್ರಾನ್ಸ್‌ಪ್ಲಾಂಟ್ ಮಾಡಿದ ಆಸ್ಪತ್ರೆಗೇ. ಹೊರಡೋ ಮುಂಚೆ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ಗೆ ಒಂದು ಫೋನ್ ಹಾಕಿ, ಅವರ ನಂಬರ್ ಡಿಸ್ಚಾರ್ಜ್ ಫೈಲಲ್ಲಿ ಇರತ್ತೆ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಜ್ವರ, ಕೆಂಪು, ನೋವು, ಕೀವು ಇವೆಲ್ಲ ಬ್ಯಾಕ್ಟೀರಿಯಾ ಮಾಡೋ ಕೆಲಸ ಅಂತ ನಾವು ಅಂದ್ಕೋತೀವಿ, ಆದ್ರೆ ಅದರಲ್ಲಿ ಮುಕ್ಕಾಲು ಪಾಲು ನಮ್ಮ ದೇಹ ತಿರುಗಿ ಜಗಳಕ್ಕೆ ನಿಂತಾಗ ಆಗೋದು. ನಿಮ್ಮ ಮಾವ ತಗೋತಿರೋ ಮೂರು ಮಾತ್ರೆ ಇರೋದೇ ಆ ಜಗಳ ನಡೀಬಾರದು, ಹೊಸ ಕಿಡ್ನೀನ ದೇಹ ಹೊರಗಿನದು ಅಂತ ಹೊಡೀಬಾರದು ಅಂತ. ಹಾಗಾಗಿ ಒಳಗೆ ಸೋಂಕು ಏರ್ತಾ ಇದ್ರೂ ಥರ್ಮಾಮೀಟರ್ 99 ತೋರಿಸ್ತಾ ಕೂತಿರತ್ತೆ. ವಾರ್ಡಲ್ಲಿ ಬಿಪಿ 80ಕ್ಕೆ ಇಳಿದು ಜ್ವರಾನೇ ಇಲ್ಲದ ಪೇಷೆಂಟ್‌ಗಳನ್ನ ನಾವು ನೋಡ್ತಾನೇ ಇರ್ತೀವಿ. ಒಂದು ದಿನದಲ್ಲಿ ಪಾದದಿಂದ ಮೀನಖಂಡಕ್ಕೆ ಏರಿದೆ ಅಂತ ನೀವೇ ಬರೆದಿದೀರಿ, ನನಗೆ ಅಷ್ಟು ಸಾಕು.

ಮನೆ ಬಿಡೋ ಮುಂಚೆ ಬಾಲ್‌ಪೆನ್ನಲ್ಲಿ ಕೆಂಪು ಎಲ್ಲಿಗೆ ನಿಂತಿದೆಯೋ ಅದರ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೀರಿ, ಒಂದು ಫೋಟೋ ತೆಗೀರಿ, ಡ್ಯೂಟಿ ಡಾಕ್ಟರ್‌ಗೆ ಅದು ತುಂಬ ಉಪಯೋಗ. ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ಒಂದು ಕವರಿಗೆ ಹಾಕ್ಕೊಂಡು ಹೋಗಿ. ಟ್ಯಾಕ್ರೋಲಿಮಸ್ ನೀವಾಗೇ ನಿಲ್ಲಿಸೋದು ಬೇಡ, ಯಾವುದನ್ನ ಕಮ್ಮಿ ಮಾಡಬೇಕು ಅನ್ನೋದು ನೆಫ್ರಾಲಜಿಯವರು ಅಂದ್ರೆ ಕಿಡ್ನಿ ಡಾಕ್ಟರು ನೋಡ್ಕೋತಾರೆ. ಶುಗರ್ ಒಂದು ಸಲ ಚೆಕ್ ಮಾಡಿ, ಸೋಂಕು ಇದ್ದಾಗ ಏರಿರತ್ತೆ.

ದಾರೀಲಿ ಇವುಗಳಲ್ಲಿ ಏನಾದ್ರೂ ಕಂಡ್ರೆ ಹತ್ತಿರದ ದೊಡ್ಡ ಆಸ್ಪತ್ರೆಗೇ ನುಗ್ಗಿ: ನೋಡೋಕೆ ಕಾಣ್ತಿರೋದಕ್ಕಿಂತ ನೋವು ವಿಪರೀತ ಅನ್ನೋದು, ಚರ್ಮ ನೇರಳೆ ಅಥವಾ ಕಪ್ಪಾಗೋದು, ಗುಳ್ಳೆಯೊಳಗೆ ರಕ್ತ, ಒತ್ತಿದ್ರೆ ಒಳಗೆ ಗಾಳಿ ಇದ್ದಂಗೆ ಪರಪರ ಅನ್ನೋದು, ಮಾತು ತಡವರಿಸೋದು, ಮೂತ್ರ ಕಮ್ಮಿ ಆಗೋದು. ಚರ್ಮದ ಕೆಳಗಿನ ಪದರವೇ ಕೊಳೆಯೋ ಕಾಯಿಲೆ ಒಂದಿದೆ, ನೆಕ್ರೋಟೈಸಿಂಗ್ ಫ್ಯಾಸಿಐಟಿಸ್ ಅಂತ, ಅದಕ್ಕೆ ಬರೀ ಇಂಜೆಕ್ಷನ್ ಸಾಕಾಗಲ್ಲ, ಕೂಡಲೇ ಆಪರೇಷನ್ ಮಾಡಿ ಸತ್ತ ಭಾಗ ತೆಗೀಬೇಕಾಗತ್ತೆ, ಅದರಲ್ಲಿ ಗಂಟೆಗಳ ಲೆಕ್ಕ. ನಿಮ್ಮ ಮಾವಂಗೆ ಅದೇ ಆಗಿದೆ ಅಂತ ಹೇಳ್ತಿಲ್ಲ, ಹೆದರಬೇಡಿ, ಆದ್ರೆ ಫೋನಲ್ಲಿ ಅದಲ್ಲ ಅಂತಾನೂ ಯಾರೂ ಹೇಳೋಕಾಗಲ್ಲ.

ಗವಿಪುರದ ಹಿರಿಯರು

ಈಗಿನವರು ಎಲ್ಲದಕ್ಕೂ ಆಸ್ಪತ್ರೆ ಎಂದು ಓಡುತ್ತೀರಿ. ನಮ್ಮ ಕಾಲದಲ್ಲಿ ಕಾಲಿಗೆ ನಂಜಾದರೆ ಬೇವಿನ ಸೊಪ್ಪು, ಹಸಿ ಅರಿಶಿನ ಅರೆದು ಕಟ್ಟುತ್ತಿದ್ದರು, ಮೂರು ದಿನಕ್ಕೆ ಇಳಿಯುತ್ತಿತ್ತು. ಗುಳ್ಳೆ ಎದ್ದಿದೆ ಎಂದರೆ ಸರ್ಪಸುತ್ತು ಕೂಡ ಇರಬಹುದು, ತಿಳಿದವರ ಹತ್ತಿರ ಕೆಮ್ಮಣ್ಣು ಹಾಕಿಸಿ ನೋಡಮ್ಮ. ಆ್ಯಂಟಿಬಯೋಟಿಕ್ ತಿಂದರೆ ಇರುವ ಕಿಡ್ನಿಯೂ ಹಾಳಾಗುತ್ತದೆ.

ಎರವಲು ಕಿಡ್ನಿ

ಯಜಮಾನ್ರೇ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳ್ತೀನಿ, ದಯವಿಟ್ಟು ಆ ಸಲಹೆ ವಾಪಸ್ ತಗೊಳ್ಳಿ. ನಾನೂ ಬೇರೆಯವರ ಕಿಡ್ನೀಲಿ ಬದುಕ್ತಿರೋನು. ಆರೋಗ್ಯವಾಗಿರೋರ ಕಾಲಿಗೆ ಅರಿಶಿನ ಕಟ್ಟಿದ್ರೆ ವಾಸಿ ಆಗೋದು ಅವರ ದೇಹದ ಶಕ್ತಿಯಿಂದ, ಅರಿಶಿನಕ್ಕೆ ಹೆಸರು ಬರತ್ತೆ. ನಮಗೆ ಆ ಶಕ್ತೀನ ಡಾಕ್ಟ್ರೇ ಮಾತ್ರೆ ಕೊಟ್ಟು ಕಟ್ಟಿ ಹಾಕಿರ್ತಾರೆ. ಇನ್ನು ಬಿರಿದಿರೋ ಚರ್ಮಕ್ಕೆ ಮಣ್ಣು ಹಚ್ಚೋದಂತೂ ಬೇಡವೇ ಬೇಡ, ನನ್ನ ಕಥೆ ಶುರುವಾಗಿದ್ದೇ ಮಣ್ಣಿಂದ.

ತಾರಸಿ ಮೇಲೆ ಕುಂಡಗಳಿಗೆ ಗೊಬ್ಬರ ಹಾಕೋವಾಗ ಮುಂಗೈಗೆ ಗುಲಾಬಿ ಮುಳ್ಳು ಗೀರಿತ್ತು. ಆಮೇಲೆ ಅಲ್ಲೊಂದು ಗಂಟು, ಅದರ ಮೇಲೆ ಇನ್ನೊಂದು, ಹಾಗೇ ಮೊಣಕೈ ಕಡೆಗೆ ಸಾಲಾಗಿ. ನೋವಿಲ್ಲ ಜ್ವರ ಇಲ್ಲ. ಒಂದು ಕಡೆ ಕುರು ಅಂದ್ರು, ಇನ್ನೊಂದು ಕಡೆ ಶುಗರ್ ಗುಳ್ಳೆ ಅಂದ್ರು, ಆ್ಯಂಟಿಬಯೋಟಿಕ್ ಬದಲಾಯಿಸ್ತಾ ಹೋದ್ರು. ಕೊನೆಗೆ ನಮ್ಮ ನೆಫ್ರಾಲಜಿ ಮೇಡಂ ನೋಡಿದ ತಕ್ಷಣ ಬಯಾಪ್ಸಿ ಮಾಡಿಸಿ ಅಂದ್ರು, ಬಂದಿದ್ದು ನೊಕಾರ್ಡಿಯಾ. ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಅದು, ಎಷ್ಟೋ ಜನರ ಕೈಗೆ ದಿನಾ ಮೆತ್ತತ್ತೆ, ಏನೂ ಆಗಲ್ಲ. ನಮ್ಮಂಥವರಲ್ಲಿ ಚರ್ಮದಿಂದ ಅಥವಾ ಉಸಿರಿನಿಂದ ಒಳಗೆ ಹೋಗಿ ಶ್ವಾಸಕೋಶ, ಮೆದುಳಿನ ತನಕ ಹಬ್ಬಬಹುದು, ಅದಕ್ಕೇ ನನಗೆ ಎದೆ ಸಿಟಿ, ತಲೆ ಎಂಆರ್‌ಐ ಎಲ್ಲಾ ಮಾಡಿದ್ರು. ಪುಣ್ಯಕ್ಕೆ ಕೈಯಲ್ಲೇ ನಿಂತಿತ್ತು. ಕೋಟ್ರೈಮಾಕ್ಸಜೋಲ್ ಅನ್ನೋ ಆ್ಯಂಟಿಬಯೋಟಿಕ್ ತಿಂಗಳುಗಟ್ಟಲೆ ನುಂಗಿದೀನಿ. ಲ್ಯಾಬ್‌ನವರಿಗೆ ಮುಂಚೇನೇ ಹೇಳಿಲ್ಲ ಅಂದ್ರೆ ಮಾಮೂಲಿ ಕಲ್ಚರನ್ನ (ಸ್ಯಾಂಪಲಲ್ಲಿರೋ ಜೀವಿ ಬೆಳೆಸಿ ನೋಡೋ ಟೆಸ್ಟು) ಎರಡು ದಿನಕ್ಕೆ ಏನೂ ಬೆಳೆದಿಲ್ಲ ಅಂತ ಎತ್ತಿಬಿಡ್ತಾರೆ, ನೊಕಾರ್ಡಿಯಾ ಕಾಣಿಸ್ಕೊಳ್ಳೋಕೆ ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ತಗೊಳ್ಳತ್ತೆ.

ತಂಗಿ, ಸಿಸ್ಟರ್ ಹೇಳಿದಂಗೆ ಈಗಲೇ ಹೊರಡಿ. ಮಾವಂಗೆ ಇದನ್ನ ಓದಿ ಹೇಳಿ, ಅಕ್ಕ ಕೊಟ್ಟಿರೋ ಕಿಡ್ನಿ ಅಂತಾನಾದ್ರೂ ಎದ್ದು ಬರಲಿ.

ರಾಜಾಜಿನಗರ ಮೆಡಿಕಲ್ಸ್

ನಾನು ಫಾರ್ಮಸಿಸ್ಟ್, ಕಾಯಿಲೆ ಬಗ್ಗೆ ಮಾತಾಡಲ್ಲ ಆದ್ರೆ ಆ ಚೀಟಿ ಬಗ್ಗೆ ಮಾತಾಡ್ಲೇಬೇಕು. ಮೊದಲು ಡೈಕ್ಲೋಫೆನಾಕ್ ಪಕ್ಕಕ್ಕಿಡಿ, ಟ್ರಾನ್ಸ್‌ಪ್ಲಾಂಟ್ ಆದೋರಿಗೆ ಅದು, ಐಬುಪ್ರೊಫೆನ್, ಆ ಜಾತಿ ನೋವಿನ ಮಾತ್ರೆ ಯಾವುದೂ ಆಗಲ್ಲ, ಟ್ಯಾಕ್ರೋಲಿಮಸ್ ಜೊತೆ ಸೇರಿ ಕಿಡ್ನಿಗೆ ಇನ್ನೂ ಹೊಡೆತ, ಜೊತೆಗೆ ಇರೋಬರೋ ನೋವನ್ನೂ ಮುಚ್ಚಿಹಾಕತ್ತೆ. ಎರಡನೇದು ಬರೀ ಅಮಾಕ್ಸಿಸಿಲಿನ್. ಸ್ಟ್ರೆಪ್ಟೊಕಾಕಸ್‌ಗೆ ಕೆಲಸ ಮಾಡತ್ತೆ ಸರಿ, ಆದ್ರೆ ಚರ್ಮದಲ್ಲಿ ಇನ್ನೊಂದು ದೊಡ್ಡ ಕಳ್ಳ ಅಂದ್ರೆ ಸ್ಟ್ಯಾಫಿಲೊಕಾಕಸ್ ಆರಿಯಸ್, ಅದು ಬಹುಪಾಲು ಪೆನಿಸಿಲಿನ್ ಜಾತಿ ಔಷಧಿನ ಒಡೆದು ಹಾಕೋ ಕಿಣ್ವ ತಯಾರಿಸತ್ತೆ, ಹಾಗಾಗಿ ಅಮಾಕ್ಸಿಸಿಲಿನ್ ಒಂದೇ ಅದರ ಮುಂದೆ ನಿಲ್ಲಲ್ಲ. ಎಂಆರ್‌ಎಸ್‌ಎ (ಮಾಮೂಲಿ ಔಷಧಿಗಳಿಗೆ ಬಗ್ಗದ ಸ್ಟ್ಯಾಫ್) ಆಗಿದ್ರೆ ಸೆಫಲೆಕ್ಸಿನ್, ಅಮಾಕ್ಸಿಕ್ಲಾವ್ ಕೂಡ ನಿಲ್ಲಲ್ಲ.

ಮೂರನೇದು ಆ ಟ್ಯೂಬು. ಡಬ್ಬಿ ಮೇಲೆ ಹೆಸರು ಓದಿ, ಕ್ಲೋಬೆಟಾಸಾಲ್ ಅಂತ ಇದ್ರೆ ಅದು ಜೋರಾದ ಸ್ಟೆರಾಯ್ಡು, ಜೊತೆಗೊಂದು ಫಂಗಸ್ ಔಷಧಿ ಒಂದು ಆ್ಯಂಟಿಬಯೋಟಿಕ್ ಬೆರೆಸಿ ಮಾರ್ತಾರೆ. ಹಚ್ಚಿದ ಒಂದೆರಡು ದಿನ ಕೆಂಪು ಇಳಿದಂಗೆ ಕಾಣತ್ತೆ, ತುರಿಕೆ ನಿಲ್ಲತ್ತೆ, ಒಳಗೆ ಸೋಂಕು ಆರಾಮಾಗಿ ಬೆಳೀತಿರತ್ತೆ. 2018ರಲ್ಲೇ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದಾರೆ, ಅಂದ್ರೆ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ನಮ್ಮವರೇ ಕೊಡ್ತಾರೆ, ನಾಚಿಕೆ ಆಗತ್ತೆ ಹೇಳೋಕೆ.

ಇನ್ನೊಂದು, ಇದು ಇಮ್ಯೂನಿಟಿ ತಗ್ಗಿಸೋ ಮಾತ್ರೆ ತಗೊಳ್ಳೋ ಎಲ್ಲರಿಗೂ. ಹೊಸದಾಗಿ ಯಾರೇ ಏನೇ ಬರ್ಕೊಟ್ರೂ ನಾನು ಟ್ಯಾಕ್ರೋಲಿಮಸ್ ತಗೋತೀನಿ ಅಂತ ಬಾಯಿಬಿಟ್ಟು ಹೇಳಿ. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್, ಫಂಗಸ್‌ಗೆ ಕೊಡೋ ಫ್ಲುಕೊನಜೋಲ್, ಇಟ್ರಾಕೊನಜೋಲ್ ಇವೆಲ್ಲ ರಕ್ತದಲ್ಲಿ ಅದರ ಮಟ್ಟ ಏರಿಸಿ ಕೈ ನಡುಕ ಬರಿಸಿ ಕಿಡ್ನಿ ಕೆಡಿಸತ್ತೆ, ರಿಫಾಂಪಿಸಿನ್ ಉಲ್ಟಾ, ಮಟ್ಟ ಇಳಿಸಿ ಕಿಡ್ನಿ ರಿಜೆಕ್ಟ್ ಆಗೋ ಹಾಗೆ ಮಾಡತ್ತೆ. ಕೀಲು ಬೇನೆಗೆ, ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ತಗೊಳ್ಳೋರು ಕೋಟ್ರೈಮಾಕ್ಸಜೋಲ್ ತಿಂದ್ರೆ ರಕ್ತಕಣಗಳೆಲ್ಲ ಒಟ್ಟಿಗೆ ಕುಸಿದು ಜೀವಕ್ಕೇ ಬರಬಹುದು. ಮೇಲೆ ಒಬ್ಬರಿಗೆ ಕೆಲಸ ಮಾಡಿದ ಔಷಧಿ ಇನ್ನೊಬ್ಬರಿಗೆ ವಿಷ ಆಗೋದು ಹೀಗೆ, ಅದಕ್ಕೇ ಇಲ್ಲಿ ಯಾರದ್ದೋ ಮಾತ್ರೆ ಹೆಸರು ಓದಿ ಅಂಗಡಿಗೆ ಬಂದು ಕೇಳಬೇಡಿ ಅಂತ ಕೈಮುಗಿದು ಕೇಳ್ಕೋತೀನಿ.

ಹನುಮಂತನಗರದವಳು (ಶನಿವಾರ, ರಾತ್ರಿ)

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಸಂಜೆನೇ ಹೋದ್ವಿ, ಅಡ್ಮಿಟ್ ಮಾಡ್ಕೊಂಡ್ರು. ಎರವಲು ಕಿಡ್ನಿ ಸರ್ ಬರೆದಿದ್ದನ್ನ ಓದಿ ಹೇಳಿದ್ದಕ್ಕೆ ಮಾವ ಮಾತಾಡದೆ ಶರ್ಟ್ ಹಾಕ್ಕೊಂಡ್ರು. ಎಮರ್ಜೆನ್ಸೀಲಿ ಎರಡೂ ಕೈಯಿಂದ ರಕ್ತ ತೆಗೆದು ಬ್ಲಡ್ ಕಲ್ಚರ್‌ಗೆ ಕಳಿಸಿದ್ರು, ಗುಳ್ಳೆ ನೀರನ್ನ ಸಿರಿಂಜಲ್ಲಿ ಎಳೆದ್ರು, ಅದಾದ್ಮೇಲೇ ಡ್ರಿಪ್ ಶುರು ಮಾಡಿದ್ದು. ಟೀಕೋಪ್ಲಾನಿನ್ ಅಂತ ಒಂದು, ಪಿಪೆರಾಸಿಲಿನ್ ಟ್ಯಾಜೋಬ್ಯಾಕ್ಟಮ್ ಅಂತ ಒಂದು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡೋ ರಕ್ತದ ಟೆಸ್ಟು, ಏರಿದ್ರೆ ಕೆಟ್ಟದ್ದು) 1.3 ಇರ್ತಿದ್ದಿದ್ದು 1.6 ಆಗಿದೆ, ಶುಗರ್ 310. ಮೈಕೋಫೆನೊಲೇಟ್ ಸದ್ಯಕ್ಕೆ ಅರ್ಧ ಮಾಡಿದಾರೆ.

ಈಗ ಹೊಸ ಗೊಂದಲ. ಇವತ್ತು ಚರ್ಮದ ಡಾಕ್ಟರ್ ಬಂದು ನೋಡಿ ಗುಳ್ಳೆ ಪಕ್ಕದಲ್ಲಿ ಒಂದು ಬಯಾಪ್ಸಿ ತೆಗೀತೀವಿ ಅಂದ್ರು. ಬಯಾಪ್ಸಿ ಅಂದ ತಕ್ಷಣ ಅಮ್ಮ ಕ್ಯಾನ್ಸರ್ ಅಂದ್ಕೊಂಡು ಅತ್ತುಬಿಟ್ರು, ಅತ್ತೆ ಬೇರೆ ಶುಗರ್ ಇರೋರ ಕಾಲು ಕತ್ತರಿಸಿದ್ರೆ ಗಾಯ ಮಾಯಲ್ಲ ಬೇಡ ಅಂತಿದಾರೆ. ಸೋಂಕು ಅಂತ ಗೊತ್ತಾಗಿ ಔಷಧಿನೂ ನಡೀತಿರೋವಾಗ ಚರ್ಮ ಯಾಕೆ ಕತ್ತರಿಸಬೇಕು? ಇನ್ನೊಂದು, ನಾವು ಎಳೆದ ಗೆರೆ ದಾಟಿ ಕೆಂಪು ಒಂದು ಬೆರಳಷ್ಟು ಮೇಲೆ ಹೋಗಿದೆ ಇವತ್ತು. ಔಷಧಿ ಹಿಡೀತಿಲ್ವಾ?

ಬೊಕ್ಕೆ ಡಾಕ್ಟ್ರು

ನಾನು ಚರ್ಮರೋಗ ವೈದ್ಯ. ನಿಮ್ಮ ಮಾವನವರನ್ನು ನೋಡಿಲ್ಲ, ಆದ್ದರಿಂದ ಅವರಿಗೆ ಏನಾಗಿದೆ ಅಂತ ಹೇಳಲ್ಲ, ಆ ಡಾಕ್ಟರ್ ಯಾಕೆ ಹಾಗೆ ಕೇಳಿದರು ಅನ್ನೋದನ್ನ ಮಾತ್ರ ಹೇಳ್ತೀನಿ.

ಮೊದಲು ಗೆರೆ ವಿಷಯ. ಸರಿಯಾದ ಔಷಧಿ ಕೊಟ್ಟರೂ ಮೊದಲ 24 ರಿಂದ 48 ಗಂಟೆ ಕೆಂಪು ಸ್ವಲ್ಪ ಹರಡೋದು ಉಂಟು. ಬ್ಯಾಕ್ಟೀರಿಯಾ ಸಾಯುವಾಗ ಅದರೊಳಗಿನ ವಸ್ತುಗಳು ಹೊರಬಂದು ಉರಿಯೂತ ಸ್ವಲ್ಪ ಕೆರಳುತ್ತೆ. ನೋವು, ಬಿಪಿ, ಮೂತ್ರ, ಬಿಳಿರಕ್ತಕಣ ಇವೆಲ್ಲ ಹೇಗಿವೆ ಅನ್ನೋದರ ಜೊತೆಗೆ ನೋಡಬೇಕು. ಎರಡು ದಿನ ದಾಟಿಯೂ ಏರುತ್ತಿದ್ದರೆ ಆಗ ಯೋಚಿಸಬೇಕು. ಅಷ್ಟರಲ್ಲಿ ಕಾಲನ್ನ ದಿಂಬಿನ ಮೇಲೆ ಎದೆ ಮಟ್ಟಕ್ಕಿಂತ ಎತ್ತರ ಇಡಿಸಿ, ಬಾವು ಇಳಿಯೋಕೆ ಇದರಷ್ಟು ಅಗ್ಗದ ಚಿಕಿತ್ಸೆ ಇಲ್ಲ, ಯಾರೂ ಮಾಡಲ್ಲ.

ಈಗ ಬಯಾಪ್ಸಿ. ಆರೋಗ್ಯವಂತರಿಗೆ ಒಂದು ಕಾಲು ಹೀಗೆ ಕೆಂಪಾಗಿ ಊದಿದರೆ ನಾವು ಸೆಲ್ಯುಲೈಟಿಸ್ ಅಂತೀವಿ, ಸಾಮಾನ್ಯವಾಗಿ ಸ್ಟ್ರೆಪ್ಟೊಕಾಕಸ್, ಕೆಲವೊಮ್ಮೆ ಸ್ಟ್ಯಾಫ್, ಯಾವ ಟೆಸ್ಟೂ ಇಲ್ಲದೆ ಮಾತ್ರೆ ಕೊಟ್ಟು ಕಳಿಸ್ತೀವಿ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದೇ ಕೆಂಪು ಕಾಲಿನ ಹಿಂದೆ ಇರಬಹುದಾದವರ ಪಟ್ಟಿ ತುಂಬ ಉದ್ದ. ಸೂಡೊಮೊನಾಸ್ ಇರಬಹುದು, ನೊಕಾರ್ಡಿಯಾ ಇರಬಹುದು, ಕ್ಷಯದ ಬ್ಯಾಕ್ಟೀರಿಯಾ ಅಥವಾ ಅದರ ದಾಯಾದಿಗಳು ಇರಬಹುದು. ಬ್ಯಾಕ್ಟೀರಿಯಾನೇ ಅಲ್ಲದೆ ಕ್ರಿಪ್ಟೊಕಾಕಸ್ ಅನ್ನೋ ಫಂಗಸ್ಸು ಕೂಡ ಟ್ರಾನ್ಸ್‌ಪ್ಲಾಂಟ್ ಆದವರಲ್ಲಿ ಥೇಟ್ ಸೆಲ್ಯುಲೈಟಿಸ್ ಥರಾನೇ ಕಾಣಿಸ್ಕೊಳ್ಳುತ್ತೆ, ಅದಕ್ಕೆ ಎಷ್ಟು ಆ್ಯಂಟಿಬಯೋಟಿಕ್ ಹರಿಸಿದರೂ ಪ್ರಯೋಜನ ಇಲ್ಲ. ಕಣ್ಣಲ್ಲಿ ನೋಡಿ ಇದೇ ಅಂತ ಹೇಳೋಕೆ ಎಷ್ಟೇ ಅನುಭವ ಇದ್ದರೂ ಆಗಲ್ಲ. ಹಾಗಾಗಿ ಇಂಥವರಲ್ಲಿ ಸ್ಯಾಂಪಲ್ ಬೇಗ ತೆಗೀಬೇಕು, ಔಷಧಿ ಸೋತಮೇಲೆ ಅಲ್ಲ.

ಕತ್ತರಿಸೋದು ಅಂದರೆ ಕಾಲು ಕೊಯ್ಯೋದಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು 4 ಅಥವಾ 5 ಮಿಲಿಮೀಟರ್ ಅಗಲದ ಪಂಚ್‌ನಿಂದ ಒಂದು ತುಣುಕು ತೆಗೆದು ಒಂದೆರಡು ಹೊಲಿಗೆ ಹಾಕ್ತಾರೆ. ಶುಗರ್ ಇದ್ದರೆ ನಿಧಾನಕ್ಕೆ ಮಾಯುತ್ತೆ, ಮಾಯಲ್ಲ ಅಂತಿಲ್ಲ. ಒಂದು ವಿಷಯ ಮಾತ್ರ ನೀವೇ ಕೇಳಿ ಖಚಿತ ಮಾಡ್ಕೊಳ್ಳಿ: ತುಣುಕಿನ ಅರ್ಧ ಫಾರ್ಮಲಿನ್ (ಕೆಡದಂತೆ ಕಾಪಾಡೋ ದ್ರಾವಣ) ಡಬ್ಬಿಗೆ, ಇನ್ನರ್ಧ ಬರೀ ಸ್ಟೆರೈಲ್ ಸಲೈನ್‌ಗೆ ಹೋಗಬೇಕು. ಫಾರ್ಮಲಿನ್‌ಗೆ ಬಿದ್ದ ಮೇಲೆ ಯಾವ ಜೀವಿಯೂ ಬದುಕಿರಲ್ಲ, ಕಲ್ಚರ್ ಆಗಲ್ಲ. ಪೂರ್ತಿ ತುಣುಕನ್ನ ಫಾರ್ಮಲಿನ್‌ಗೆ ಹಾಕಿ ಕಳಿಸಿ, ಆಮೇಲೆ ಮತ್ತೆ ಚುಚ್ಚಬೇಕಾಗಿ ಬರೋದು ಎಲ್ಲಾ ಕಡೆ ನಡೆಯುತ್ತೆ.

ಕೊನೆಗೊಂದು ಪ್ರಶ್ನೆ. ಮಾವನವರು ಈಚೆಗೆ ಬೆಂಗಳೂರು ಬಿಟ್ಟು ಎಲ್ಲಾದ್ರೂ ಹೋಗಿದ್ರಾ? ಕರಾವಳಿ ಕಡೆ, ಗದ್ದೆ ಕೆಲಸ, ಕೆಸರು?

ಹನುಮಂತನಗರದವಳು

ಡಾಕ್ಟ್ರೇ ಹೇಗೆ ಗೊತ್ತಾಯ್ತು? ಅತ್ತೆ ತವರುಮನೆ ಕುಂದಾಪುರದ ಹತ್ರ. ನಾಟಿ ಟೈಮಲ್ಲಿ ಹೋಗಿ ಬಂದಿದಾರೆ, ಗದ್ದೆಗೆ ಇಳೀಬೇಡಿ ಅಂದ್ರೂ ಮಾವ ಕೇಳದೆ ಬರಿಗಾಲಲ್ಲಿ ಇಳಿದಿದ್ರಂತೆ. ಇಲ್ಲಿ ಆಸ್ಪತ್ರೇಲಿ ಯಾರೂ ಕೇಳಲಿಲ್ಲ, ನಮಗೂ ಹೇಳಬೇಕು ಅನ್ನಿಸಲಿಲ್ಲ.

ಬೊಕ್ಕೆ ಡಾಕ್ಟ್ರು

ಗೊತ್ತಾಗಿದ್ದಲ್ಲ, ನಾನು ಕಲಿತದ್ದು ಆ ಕಡೆ, ಮಳೆಗಾಲದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಬರ್ಖೋಲ್ಡೇರಿಯಾ ಸೂಡೊಮಾಲಿಯೈ ಅಂತ ಒಂದು ಬ್ಯಾಕ್ಟೀರಿಯಾ, ಅದರಿಂದ ಬರೋ ಕಾಯಿಲೆ ಮೆಲಿಯಾಯ್ಡೋಸಿಸ್. 1912ರಲ್ಲಿ ರಂಗೂನಿನಲ್ಲಿದ್ದ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಅನ್ನೋ ವೈದ್ಯರು ಇದನ್ನ ಮೊದಲು ವಿವರಿಸಿದ್ದು. ಒದ್ದೆ ಮಣ್ಣಲ್ಲಿ, ಕೆಸರು ನೀರಲ್ಲಿ ಇರುತ್ತೆ, ಮಳೆಗಾಲದಲ್ಲಿ ಜಾಸ್ತಿ. ಉಡುಪಿ, ದಕ್ಷಿಣ ಕನ್ನಡದಿಂದ ಇದರ ವರದಿಗಳು ಸಾಕಷ್ಟಿವೆ. ಇದು ಬರೋರಲ್ಲಿ ಹೆಚ್ಚಿನವರಿಗೆ ಶುಗರ್ ಇರುತ್ತೆ. ಚರ್ಮದಲ್ಲಿ ಬರೀ ಒಂದು ಹುಣ್ಣು ಅಥವಾ ಕುರು ಆಗಿ ಕಾಣಿಸಬಹುದು, ಶ್ವಾಸಕೋಶಕ್ಕೆ, ಲಿವರ್‌ಗೆ, ಸ್ಪ್ಲೀನ್‌ಗೆ ಹೋಗಿ ಅಲ್ಲಿ ಕೀವುಗಂಟು ಕಟ್ಟಬಹುದು.

ಇದರ ತೊಂದರೆ ಏನೆಂದರೆ ಕಲ್ಚರ್‌ನಲ್ಲಿ ಬೆಳೆದರೂ ಪರಿಚಯ ಇಲ್ಲದ ಲ್ಯಾಬು ಇದನ್ನ ಸೂಡೊಮೊನಾಸ್ ಅಂತಲೋ, ಹೊರಗಿನಿಂದ ಸೇರಿದ ಕಸ ಅಂತಲೋ ಬರೆದುಬಿಡುತ್ತೆ. ಚಿಕಿತ್ಸೆ ಬೇರೆ: ಮೊದಲು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ರಕ್ತನಾಳಕ್ಕೆ, ಆಮೇಲೆ ಕನಿಷ್ಠ 3 ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಹಾಗಾಗಿ ನಾಳೆ ರೌಂಡ್ಸ್‌ಗೆ ಬಂದಾಗ ಕುಂದಾಪುರ, ಗದ್ದೆ, ಬರಿಗಾಲು ಇಷ್ಟು ಹೇಳಿ, ಮೈಕ್ರೊಬಯಾಲಜಿಯವರಿಗೂ ತಿಳಿಸಿ ಅನ್ನಿ. ನಿಮ್ಮ ಮಾವನ ಬೆರಳ ಸಂದಿ ಕಥೆ ಕೇಳಿದರೆ ಮಾಮೂಲಿ ಸ್ಟ್ಯಾಫೋ ಸ್ಟ್ರೆಪ್ಪೋ ಆಗಿರೋ ಸಾಧ್ಯತೆಯೇ ಹೆಚ್ಚು. ಆದರೂ ಹೇಳಿ.

ಮಲ್ಲೇಶ್ವರಂ ಎಂಟನೇ ಕ್ರಾಸ್

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ಅಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್ ಕೀಮೋ ನಡೀತಿದೆ, ಕಂಕುಳಿನ ಗಂಟುಗಳನ್ನ ತೆಗೆದಿರೋ ಎಡಗೈ ಯಾವಾಗ್ಲೂ ಸ್ವಲ್ಪ ದಪ್ಪಗಿರತ್ತೆ, ಇವತ್ತು ಅದೇ ಕೈ ಮೊಣಕೈ ಹತ್ರ ಕೆಂಪಾಗಿದೆ, ಹೋದ ವಾರ ಕೀಮೋ ಆಗಿದ್ದು. ಈಗ ಜ್ವರ 100.6 ಇದೆ. ಡೋಲೋ ಕೊಟ್ಟು ಬೆಳಗ್ಗೆ ನೋಡೋಣ್ವಾ?

ರಾತ್ರಿಪಾಳಿ ಸಿಸ್ಟರ್

ಬೇಡ ಬೇಡ, ಡೋಲೋ ಕೊಟ್ಟು ಮಲಗಿಸಬೇಡಿ, ಈಗಲೇ ಹೊರಡಿ, ಗಾಡಿ ಇಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ. ಕೀಮೋ ಆಗಿ ಒಂದರಿಂದ ಎರಡು ವಾರದೊಳಗೆ ಬಿಳಿರಕ್ತಕಣ ತಳ ಮುಟ್ಟಿರತ್ತೆ. ಅದರಲ್ಲಿ ಸೋಂಕಿನ ಜೊತೆ ಹೋರಾಡೋ ನ್ಯೂಟ್ರೋಫಿಲ್ ಕಣ 500ರ ಕೆಳಗೆ ಹೋಗಿದ್ರೆ ಜ್ವರ ಒಂದು ಸಲ 101 ಮುಟ್ಟಿದ್ರೂ, ಅಥವಾ 100.4ರ ಮೇಲೆ ಒಂದು ಗಂಟೆ ನಿಂತ್ರೂ ಎಮರ್ಜೆನ್ಸಿ ಅಂತಾನೇ ಲೆಕ್ಕ, ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಇಂಜೆಕ್ಷನ್ ಬೀಳಬೇಕು. ಬಾಗಿಲಲ್ಲೇ ಕೀಮೋ ಪೇಷೆಂಟ್, ಜ್ವರ ಅಂತ ಜೋರಾಗಿ ಹೇಳಿ, ಕ್ಯೂನಲ್ಲಿ ನಿಲ್ಲಬೇಡಿ. ಊದಿರೋ ಕೈಗೆ ಬಿಪಿ ಪಟ್ಟಿ, ಸೂಜಿ ಬೇಡ ಅಂತ ನೆನಪು ಮಾಡಿ.

ಇವರಲ್ಲಿ ಕೀವಿಗಾಗಿ ಹುಡುಕಬೇಡಿ. ಕೀವು ಅಂದ್ರೆ ಸತ್ತ ನ್ಯೂಟ್ರೋಫಿಲ್‌ಗಳೇ, ಕಣಗಳೇ ಇಲ್ಲದಿದ್ರೆ ಕೀವು ಎಲ್ಲಿಂದ ಬರಬೇಕು. ಮೈಮೇಲೆ ಎಲ್ಲಾದ್ರೂ ಸಣ್ಣ ಕೆಂಪು ಚುಕ್ಕೆ ಎದ್ದು ಗುಳ್ಳೆಯಾಗಿ ಅರ್ಧ ದಿನ ಒಂದು ದಿನದಲ್ಲಿ ನಡುವೆ ಕಪ್ಪು ಹಕ್ಕಳೆ ಕಟ್ಟಿದ್ರೆ ಡಾಕ್ಟರಿಗೆ ತೋರಿಸಿ, ತೊಡೆ ಸಂದಿ, ಕಂಕುಳು, ಕೂರೋ ಜಾಗ ಎಲ್ಲಾ ಬಟ್ಟೆ ಸರಿಸಿ ನೋಡಿ, ಹೆಂಗಸರು ನಾಚಿಕೊಂಡು ಹೇಳಲ್ಲ. ಅದು ಸೂಡೊಮೊನಾಸ್ ರಕ್ತಕ್ಕೆ ಇಳಿದಿರೋ ಗುರುತಾಗಿರಬಹುದು.

ಮಲ್ಲೇಶ್ವರಂ ಎಂಟನೇ ಕ್ರಾಸ್

ಹೊರಟ್ವಿ. ಥ್ಯಾಂಕ್ಸ್ ಸಿಸ್ಟರ್.

ಹನುಮಂತನಗರದವಳು (ಗುರುವಾರ)

ಅಪ್‌ಡೇಟ್. ಗುಳ್ಳೆ ನೀರಲ್ಲಿ ಬೆಳೆದಿದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್, ಎಂಆರ್‌ಎಸ್‌ಎ ಅಲ್ಲ. ಬ್ಲಡ್ ಕಲ್ಚರ್ ಎರಡೂ ಕ್ಲೀನ್. ಕುಂದಾಪುರದ ವಿಷಯ ಹೇಳಿದ್ವಿ, ಲ್ಯಾಬ್‌ನವರು ಬೇರೆ ಪ್ಲೇಟಲ್ಲಿ ಹಾಕಿ ನೋಡಿದಾರೆ, ಆ ಮೆಲಿಯಾಯ್ಡೋಸಿಸ್ ಬ್ಯಾಕ್ಟೀರಿಯಾ ಬಂದಿಲ್ಲ. ಬಯಾಪ್ಸಿನೂ ಆಯ್ತು, ಮಾವಂಗೆ ಹೊಲಿಗೆ ಹಾಕಿದ್ದೇ ಗೊತ್ತಾಗಲಿಲ್ಲ, ಫಂಗಸ್ ಬಣ್ಣ ಹಾಕಿದ್ರಲ್ಲಿ ಏನೂ ಇಲ್ಲ, ಕ್ಷಯದ ಜಾತಿ ಕಲ್ಚರ್ ಮಾತ್ರ 6 ವಾರ ಕಾದು ನೋಡ್ತಾರಂತೆ. ಎರಡು ದೊಡ್ಡ ಇಂಜೆಕ್ಷನ್ ನಿಲ್ಲಿಸಿ ಸೆಫಜೋಲಿನ್ ಒಂದೇ ಮಾಡಿದಾರೆ, ಕಿಡ್ನಿಗೂ ಹಗುರ ಅಂದ್ರು, ಕ್ರಿಯಾಟಿನಿನ್ 1.4ಕ್ಕೆ ಬಂತು. ಕೆಂಪು ಪಾದಕ್ಕೆ ಇಳಿದಿದೆ, ಚರ್ಮ ಸುಕ್ಕುಸುಕ್ಕಾಗಿ ಸಿಪ್ಪೆ ಏಳ್ತಿದೆ. ಒಳಗೆ ದಾರಿ ಆಗಿದ್ದು ಬೆರಳ ಸಂದಿನೇ ಅಂತೆ, ಅಲ್ಲಿ ಫಂಗಸ್ ಇತ್ತು.

ನಾಳೆ ಬಿಡ್ತಾರೆ. ಮನೇಲಿ ಏನು ನೋಡ್ಕೋಬೇಕು? ಮಾವ ಶನಿವಾರ ಹನುಮಂತನ ದೇವಸ್ಥಾನಕ್ಕೆ ಹೋಗಲೇಬೇಕು ಅಂತ ಈಗಲೇ ಶುರು ಮಾಡಿದಾರೆ, ಅಲ್ಲಿ ಬರಿಗಾಲು.

ಎರವಲು ಕಿಡ್ನಿ

ದೇವಸ್ಥಾನಕ್ಕೆ ಗಾಯ ಪೂರ್ತಿ ಒಣಗೋ ತನಕ ಬೇಡ. ಆಮೇಲೆ ಕಾಟನ್ ಸಾಕ್ಸ್ ಹಾಕ್ಕೊಂಡು ಹೋಗಲಿ, ನಾನು ಹಾಗೇ ಹೋಗೋದು, ಯಾವ ಅರ್ಚಕರೂ ಏನೂ ಅಂದಿಲ್ಲ. ಮನೆಗೆ ಬಂದು ತೆಗೆದು ಒಗೀಬೇಕು ಅಷ್ಟೆ. ಅಂಗಡಿಗೆ ಹೋಗೋಕೆ ಎಂಸಿಆರ್ ಚಪ್ಪಲಿ (ಮೆತ್ತಗಿನ ರಬ್ಬರ್ ಅಟ್ಟೆಯದು) ತಗೊಳ್ಳಿ, ಹಿಂದೆ ಬೆಲ್ಟ್ ಇರೋದು, ಬೆರಳ ಸಂದೀಲಿ ಪಟ್ಟಿ ತೂರಿಸೋ ಥರದ್ದು ಬೇಡ. ಮಳೆ ನೀರು ನಿಂತಿದ್ರೆ ಆಟೋ ಹಿಡೀಲಿ, ದುಡ್ಡು ಉಳಿಸೋ ಜಾಗ ಅದಲ್ಲ.

ಬೊಕ್ಕೆ ಡಾಕ್ಟ್ರು

ಒಳ್ಳೇ ಸುದ್ದಿ. ಸ್ನಾನ ಆದಮೇಲೆ ಒಂದೊಂದು ಬೆರಳ ಸಂದಿಯನ್ನೂ ಬೇರೆ ಒಣ ಬಟ್ಟೆಯಲ್ಲಿ ಒರೆಸಬೇಕು. ಫಂಗಸ್‌ಗೆ ಹಚ್ಚೋ ಕ್ರೀಮ್ ಕೊಟ್ಟಿರ್ತಾರೆ, ತುರಿಕೆ ನಿಂತ ಕೂಡಲೇ ಬಿಡೋದಲ್ಲ, ಹೇಳಿದಷ್ಟು ವಾರ ಪೂರ್ತಿ ಹಚ್ಚಿ, ಇಲ್ಲದಿದ್ದರೆ ಇದೇ ದಾರಿಯಲ್ಲಿ ಮತ್ತೆ ಬರುತ್ತೆ, ಸೆಲ್ಯುಲೈಟಿಸ್ ಒಮ್ಮೆ ಬಂದ ಕಾಲಿಗೆ ಮತ್ತೆ ಬರೋದು ಸಾಮಾನ್ಯ. ಹಿಮ್ಮಡಿ ಒಡಕಿಗೆ ರಾತ್ರಿ ವ್ಯಾಸಲೀನ್, ಬೆರಳ ಸಂದಿಗೆ ಮಾತ್ರ ಅದು ಬೇಡ. ಆಣಿ ಇದ್ದರೆ ಬ್ಲೇಡಲ್ಲಿ ಕೆತ್ತಬಾರದು. ಉಗುರುಸುತ್ತು, ಕುರು, ಕ್ಷೌರದ ಗಾಯ ಏನೇ ಆದರೂ ಅದೇ ದಿನ ಫೋಟೋ ತೆಗೆದು ಕೋಆರ್ಡಿನೇಟರ್‌ಗೆ ಕಳಿಸಿ. 6 ವಾರದ ರಿಪೋರ್ಟ್ ತಗೊಳ್ಳೋಕೆ ಮರೀಬೇಡಿ, ಕಾಲು ಚೆನ್ನಾಗಾದ ಮೇಲೆ ಯಾರೂ ಹೋಗಿ ಕೇಳಲ್ಲ, ತಾರೀಕು ಈಗಲೇ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಗವಿಪುರದ ಹಿರಿಯರು

ಗುಣವಾಯಿತಲ್ಲ, ಸಂತೋಷ. ನನಗೂ ಸಕ್ಕರೆ ಕಾಯಿಲೆ ಇದೆ, ಹದಿನೈದು ವರ್ಷವಾಯಿತು. ಆ ಎಂಸಿಆರ್ ಚಪ್ಪಲಿ ಎಲ್ಲಿ ಸಿಗುತ್ತದೆ?

ರಾಜಾಜಿನಗರ ಮೆಡಿಕಲ್ಸ್

ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿ, ಕಾಲು ಊದಿರೋ ಸಂಜೆ ಹೊತ್ತಲ್ಲಿ ಹೋಗಿ ಹಾಕಿ ನೋಡಿ ತಗೊಳ್ಳಿ ಸರ್. ಕಾಲಿಗೆ ಸ್ಪರ್ಶ ಸರಿಯಾಗಿ ಇದೆಯಾ ಅಂತ ಡಾಕ್ಟರ ಹತ್ರ ಒಂದು ಸಲ ಚೆಕ್ ಮಾಡಿಸ್ಕೊಂಡು ಹೋದ್ರೆ ಇನ್ನೂ ಒಳ್ಳೇದು.